ನನ್ನ ಪಗಾರ, ನಮ್ಮಪ್ಪನ ಬಾಯಿ

ನಮ್ಮಪ್ಪನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ನಲವತ್ತು ವರ್ಷ ದನದ ಬಜಾರದಲ್ಲಿ ದಲಾಲಿ ಮಾಡಿದ ಮನುಷ್ಯ ಆತ. ಯಾರ ಜೋಡೆತ್ತು ಎಷ್ಟಕ್ಕೆ ಹೋಯಿತು, ಯಾರು ಸಾಲ ತೀರಿಸಲು ಹೋರಿ ಮಾರಿ ಊರಿಗೆ ಮಾತ್ರ ಕಳುವಾಯಿತು ಎಂದು ಹೇಳಿದರು, ಯಾರು ಹೆಂಡತಿ ತವರಿನಿಂದ ತಂದ ಎಮ್ಮೆಯನ್ನು ಆಕೆ ತವರಿಗೆ ಹೋದಾಗಲೇ ಮಾರಿ ಮೋಟರ್ ಸೈಕಲ್ ಕೊಂಡರು, ಎಲ್ಲವೂ ಆತನಿಗೆ ಗೊತ್ತು. ಇವುಗಳಲ್ಲಿ ಒಂದಾದರೂ ಇವತ್ತಿನವರೆಗೆ ಹೊರಗೆ ಬಿದ್ದಿಲ್ಲ. ಅಪ್ಪನ ಬಾಯಿಂದ ಹೊರಬಿದ್ದ ಗುಟ್ಟು ಇಡೀ ಜನ್ಮದಲ್ಲಿ ಒಂದೇ ಒಂದು. ಅದು ನನ್ನ ಪಗಾರ.

ನಾನು ಹುಮನಾಬಾದಿನ ಔಷಧ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತೇನೆ. ತಯಾರಾದ ಮಾತ್ರೆ ಸರಿಯಾಗಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಿ ಸಹಿ ಹಾಕುವುದು ನನ್ನ ಕೆಲಸ. ದಿನಾ ಬೆಳಿಗ್ಗೆ ಬಸವಕಲ್ಯಾಣದಿಂದ ಬಸ್ಸು, ಸಂಜೆ ಮತ್ತೆ ಬಸ್ಸು. ಪಗಾರ ಎಷ್ಟು ಎಂದು ನಿಮಗೂ ಕುತೂಹಲ ಹುಟ್ಟಿರಬೇಕು. ನಾನಂತೂ ಹೇಳುವುದಿಲ್ಲ. ಅಷ್ಟು ತಿಳಿಯಬೇಕೆಂದಿದ್ದರೆ ನಮ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಯಾವ ಚಹಾದಂಗಡಿಯಲ್ಲಾದರೂ ಕೇಳಿ ನೋಡಿ. ಸಕ್ಕರೆ ಕದಡುವುದರೊಳಗೆ ಹೇಳುತ್ತಾರೆ.

ನಮ್ಮ ಬಸ್ಸಿನ ಕಂಡಕ್ಟರನಿಗೂ ಗೊತ್ತು. ಹೆಣ್ಣುಮಕ್ಕಳಿಗೆ ಸರ್ಕಾರ ಬಸ್ಸು ಫ್ರೀ ಮಾಡಿದ ಮೇಲೆ ಎಲ್ಲ ಹೆಂಗಸರಿಗೂ ಆತ ಸುಮ್ಮನೆ ಟಿಕೆಟ್ ಹರಿದು ಕೊಡುತ್ತಾನೆ. ನನ್ನ ಸೀಟಿನ ಹತ್ತಿರ ಬಂದಾಗ ಮಾತ್ರ ಕೈ ತಡೆಯುತ್ತಿತ್ತು.

"ಅಕ್ಕಾರ, ಇಷ್ಟು ಪಗಾರ ತಗೊಂಡು ನೀವೂ ಫ್ರೀ ಟಿಕೇಟೇ ತಗೋತೀರಲ್ರಿ."

"ಎಷ್ಟು ಪಗಾರ್ರಿ?" ಎಂದು ಹಿಂದಿನ ಸೀಟಿನವಳು ಕೇಳಿದಳು. ಆತ ಹೇಳಿದ. ಬಸ್ಸು ಸಸ್ತಾಪುರ ಬಂಗ್ಲಾ ಮುಟ್ಟುವ ಹೊತ್ತಿಗೆ ಡ್ರೈವರ್ ಕೂಡ ಒಮ್ಮೆ ಕನ್ನಡಿಯಲ್ಲಿ ನನ್ನನ್ನು ನೋಡಿಕೊಂಡ.

ದನದ ಬಜಾರದ ರಿವಾಜು ಗೊತ್ತಿಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಅಲ್ಲಿ ದರವನ್ನು ಬಾಯಲ್ಲಿ ಆಡುವುದಿಲ್ಲ. ಇಬ್ಬರೂ ಕೈ ಮುಂದೆ ಮಾಡುತ್ತಾರೆ, ಮೇಲೊಂದು ಟವೆಲ್ ಬೀಳುತ್ತದೆ, ಅದರ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಎಷ್ಟು ಎಂಬುದನ್ನು ಹೇಳಿಕೊಳ್ಳುತ್ತಾರೆ. ಸುತ್ತ ನೂರು ಮಂದಿ ನಿಂತಿದ್ದರೂ ಅವರಿಗೆ ಕಾಣುವುದು ಟವೆಲ್ ಮಾತ್ರ. ಒಮ್ಮೆ ಬೆರಳು ಕೊಟ್ಟರೆ ವ್ಯವಹಾರ ಮುಗಿಯಿತು. ಕೊಟ್ಟ ಮೇಲೆ ಕೈ ಹಿಂದಕ್ಕೆ ತೆಗೆದವನಿಗೆ ಆ ಬಜಾರದಲ್ಲಿ ಮತ್ತೆ ಯಾರೂ ಕೈ ಕೊಡುವುದಿಲ್ಲ. ಇಂಥ ಮರ್ಯಾದೆಯ ಧಂದೆ ಮಾಡಿದ ಮನುಷ್ಯನಿಗೆ ಊರವರ ಎತ್ತಿನ ದರಕ್ಕೆ ಮುಚ್ಚಲು ಟವೆಲ್ ಸಿಕ್ಕಿತು, ಹೆತ್ತ ಮಗಳ ಪಗಾರಕ್ಕೆ ಒಂದು ಕರವಸ್ತ್ರವೂ ಸಿಗಲಿಲ್ಲ!

ಹೇಳಿದ್ದನ್ನಾದರೂ ಸರಿಯಾಗಿ ಹೇಳುತ್ತಿದ್ದನೇ? ದಲಾಲಿಯ ನಾಲಗೆ, ಇದ್ದ ದರ ಹೇಳಿ ಅಭ್ಯಾಸವೇ ಇಲ್ಲ. ನನಗೆ ಕಂಪನಿಯವರು ವರ್ಷಕ್ಕೊಮ್ಮೆ ಪಗಾರ ಏರಿಸುತ್ತಿದ್ದರು. ಅಪ್ಪ ವಾರಕ್ಕೊಮ್ಮೆ ಏರಿಸುತ್ತಿದ್ದ. ಹೀಗಾಗಿ ನನ್ನ ಖಾತೆಗೆ ಬರುವ ಪಗಾರ ಒಂದು, ಊರಿನಲ್ಲಿ ನಡೆದಾಡುವ ಪಗಾರ ಇನ್ನೊಂದು. ಎರಡನೆಯದು ನನಗಿಂತ ಬಹಳ ಚೆನ್ನಾಗಿ ಬದುಕುತ್ತಿತ್ತು.

"ಅಪ್ಪಾ, ಯಾಕ ಅಷ್ಟು ಹೆಚ್ಚಿಗಿ ಹೇಳ್ತಿ?"

"ಮಾಲಿನ ದರ ಕಡಿಮಿ ಹೇಳಿ ಯಾರರ ಉದ್ಧಾರ ಆಗ್ಯಾರೇನು?"

"ನಾ ಮಾಲಲ್ಲ."

"ಯಾರು ಅಂದಾರ ಹಂಗ? ನೀ ನಮ್ಮ ಮನಿ ಲಕ್ಷ್ಮಿ."

"ಲಕ್ಷ್ಮಿ ಪಗಾರ ಎಷ್ಟಂತ ಊರಿಗಿ ಗೊತ್ತದೇನು?"

ಅಪ್ಪ ಸ್ವಲ್ಪ ಯೋಚನೆ ಮಾಡಿ, ಆಕೆಯ ತಂದೆ ಹೇಳಿರಲಿಕ್ಕಿಲ್ಲ ಎಂದ.

ಎರಡು ವರ್ಷದ ಹಿಂದೆ ನನ್ನನ್ನು ನೋಡಲು ಹುಮನಾಬಾದಿನ ಕಡೆಯವರು ಬಂದಿದ್ದರು. ಹುಡುಗ, ಅವನ ತಾಯಿ, ಜೊತೆಗೊಬ್ಬ ಮಾಮಾ. ಮಾಮಾ ಮೊದಲು ಕೇಳಿದ್ದೇ ಪಗಾರ. ಅಪ್ಪ ಹೇಳಿದ. ಮಾಮಾನ ಹುಬ್ಬು ಮೇಲಕ್ಕೆ ಹೋಯಿತು. ಗಿರಾಕಿಯ ಹುಬ್ಬು ಏರಿತೆಂದರೆ ಅಪ್ಪ ಮನುಷ್ಯನಾಗಿ ಉಳಿಯುವುದಿಲ್ಲ, ಪೂರ್ತಿ ದಲಾಲಿಯಾಗುತ್ತಾನೆ.

"ಮುಂದಿನ ವರ್ಷಕ್ಕ ಇನ್ನೂ ಏರ್ತದ್ರಿ. ಸ್ವಭಾವ ಭಾಳ ಸಾದಾ. ಯಾರಿಗೂ ತ್ರಾಸ ಕೊಡಂಗಿಲ್ಲ. ಹಾಕಿದ್ದು ತಿಂತದ, ಹೇಳಿದಷ್ಟು ಕೆಲಸ ಮಾಡ್ತದ."

ಅಡುಗೆಮನೆಯಿಂದ ಅವ್ವನ ದನಿ ಬಂತು. "ಹಲ್ಲು ಒಂದು ಎಣಿಸಿ ತೋರಿಸಿಬಿಡ್ರಿ, ಮುಗೀಲಿ."

ಬಂದವರು ಮಂಡಕ್ಕಿಯ ಸುಸಲಾ ಅರ್ಧಕ್ಕೇ ಬಿಟ್ಟು ಎದ್ದರು. ನನಗೇನೂ ಬೇಜಾರಾಗಲಿಲ್ಲ. ಇಡೀ ಒಂದು ಗಂಟೆಯಲ್ಲಿ ಆ ಹುಡುಗ ನನ್ನನ್ನು ಕೇಳಿದ ಪ್ರಶ್ನೆ ಒಂದೇ, "ಪಿ.ಎಫ್. ಎಷ್ಟು ಕಡೀತಾರ?"

ಬರೀ ಹೇಳುವುದಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅಪ್ಪ ಕೊಡುತ್ತಲೂ ಇದ್ದ. ಮೊದಲ ಪಗಾರ ಬಂದ ದಿನ ನಾನು ಭಕ್ತಿ ಉಕ್ಕಿ ಎಟಿಎಂ ಕಾರ್ಡನ್ನು ಆತನ ಕೈಯಲ್ಲಿಟ್ಟು ಕಾಲಿಗೆ ಬಿದ್ದಿದ್ದೆ. ಬಿದ್ದ ನಾನು ಎದ್ದೆ. ಕಾರ್ಡ್ ಮಾತ್ರ ಹನ್ನೊಂದು ವರ್ಷ ಅಲ್ಲೇ ಉಳಿಯಿತು. ನಾವು ಮಾತ್ರೆ ಪರೀಕ್ಷೆ ಮಾಡುವ ಕೋಣೆಗೆ ಮೊಬೈಲ್ ಒಯ್ಯುವ ಹಾಗಿಲ್ಲ, ಹೊರಗಿನ ಕಪಾಟಿನಲ್ಲಿಟ್ಟು ಹೋಗಬೇಕು. ಮಧ್ಯಾಹ್ನ ಊಟಕ್ಕೆ ಹೊರಗೆ ಬಂದವರೆಲ್ಲ ಮೊಬೈಲಿನಲ್ಲಿ ಮಕ್ಕಳ ಫೋಟೋ ನೋಡಿ ನಗುತ್ತಿದ್ದರು. ನಾನು ಬ್ಯಾಂಕಿನ ಮೆಸೇಜು ನೋಡಿ ಊಟ ಬಿಡುತ್ತಿದ್ದೆ.

ಹುಡಗಿ ಎಂಬ ಊರಿನಲ್ಲಿ ಒಂದು ಮದುವೆ ಇತ್ತು. ದೂರದ ಸಂಬಂಧ. ಎಷ್ಟು ದೂರ ಎಂದರೆ ಅದನ್ನು ಹುಡುಕಲು ಅವ್ವ ಮೂರು ತಲೆಮಾರು ಹಿಂದೆ ಹೋಗಿ ದಾರಿ ತಪ್ಪಿ ವಾಪಸ್ ಬಂದಳು. ನಮ್ಮ ಕಡೆ ಮದುವೆಯಲ್ಲಿ ಆಯೇರಿ ಮಾಡುವಾಗ, ಎಂದರೆ ಉಡುಗೊರೆ ಕೊಡುವಾಗ, ಯಾರು ಎಷ್ಟು ಕೊಟ್ಟರು ಎಂದು ಮೈಕಿನಲ್ಲಿ ಕೂಗಿ ಹೇಳುವವರಿರುತ್ತಾರೆ. ಮೈಕಿನಂಥ ಮೈಕ್ ಎದುರಿಗಿರುವಾಗ ನಮ್ಮಪ್ಪ ಐನೂರು ಕೊಟ್ಟು ಬರುತ್ತಾನೆಯೇ? ನಾನು ಕಾರ್ಖಾನೆಯಲ್ಲಿದ್ದೆ. ಅಲ್ಲಿ ನಡೆದದ್ದನ್ನು ಸಂಜೆ ಅವ್ವ ವರದಿ ಮಾಡಿದಳು.

"ಹುಮನಾಬಾದ ಔಷಧ ಕಾರ್ಖಾನಿ ದೊಡ್ಡ ಸಾಹೇಬ್ರು, ಹನ್ನೊಂದು ಸಾವಿರದ ಒಂದು ರೂಪಾಯಿ ಅಂತ ಎರಡೆರಡು ಸಲ ಒದರಿಸಿದ ನಿಮ್ಮಪ್ಪ. ಮದುಮಗನ ಸ್ವಂತ ಕಾಕಾ ಎರಡು ಸಾವಿರ ಕೊಟ್ಟಿದ್ದ. ಮಾರಿ ಮುಚ್ಚಿಕೊಂಡು ಊಟಕ್ಕ ಹ್ವಾದ."

"ಮದುಮಗ?"

"ಅಂವ ಯಾವ ಸಾಹೇಬ್ರಂತ ಹುಡುಕಾಕತ್ತಿದ್ದ."

ಅಪ್ಪನನ್ನು ಕೇಳಿದರೆ ಸ್ವಲ್ಪವೂ ಅಳುಕಿಲ್ಲ. "ನೋಡು ಯವ್ವಾ, ಇದು ಕಲ್ಯಾಣ. ಇಲ್ಲಿ ಹುಟ್ಟಿದವರಿಗಿ ಕಾಯಕ, ದಾಸೋಹ ಎರಡೂ ಇರಬೇಕು. ಕಾಯಕ ನೀ ಮಾಡಾಕತ್ತಿ. ದಾಸೋಹ ನಾ ಮಾಡಾಕತ್ತೀನಿ." ಎಷ್ಟು ಚೆಂದದ ಕೆಲಸ ಹಂಚಿಕೆ! ಶರಣರು ಇಷ್ಟು ವರ್ಷದ ಹಿಂದೆ ಇಲ್ಲಿ ಕೂತು ಅಷ್ಟೆಲ್ಲ ಚರ್ಚೆ ಮಾಡಿದರೂ ಅವರಿಗೆ ಈ ಸುಲಭದ ದಾರಿ ಹೊಳೆದಿರಲಿಲ್ಲ.

ನಾನು ಇದನ್ನೆಲ್ಲ ಹೀಗೇ ಹಲ್ಲು ಕಚ್ಚಿ ಸಹಿಸಿಕೊಂಡು ಹೋಗುತ್ತಿದ್ದೆನೋ ಏನೋ. ಆದರೆ ಮನೆಯ ವಿಷಯ ಬಂತು. ಕಿಲ್ಲೆಯ ಕಡೆಗೆ ಎರಡು ಕೋಣೆ, ಒಂದು ಅಂಗಳ ಇರುವ ಮನೆಯಲ್ಲಿ ನಾವು ಇಪ್ಪತ್ತೆರಡು ವರ್ಷದಿಂದ ಬಾಡಿಗೆಗೆ ಇದ್ದೇವೆ. ಮನೆಯ ಮಾಲಕರು ಬಜಾರದಲ್ಲಿ ಬಟ್ಟೆ ಅಂಗಡಿ ಇಟ್ಟ ಸಾವಕಾರರು. ವಯಸ್ಸಾಯಿತು, ಮನೆ ಮಾರುತ್ತೇನೆ, ಮೊದಲು ನಿಮಗೇ ಕೇಳುತ್ತೇನೆ, ಆರು ತಿಂಗಳೊಳಗೆ ಬಯಾನಾ ಕೊಟ್ಟರೆ ನಿಮ್ಮದು ಎಂದರು. ಬಯಾನಾ ಎಂದರೆ ಮುಂಗಡ. ಅದೊಂದನ್ನು ನಾನು ಕೂಡಿಸಿದರೆ ಉಳಿದದ್ದಕ್ಕೆ ಬ್ಯಾಂಕಿನವರು ಸಾಲ ಕೊಡಲು ಒಪ್ಪಿದ್ದರು. ಕೂಡಿಸದಿದ್ದರೆ ಅವರ ಈ ವಯಸ್ಸಿನಲ್ಲಿ ಅವ್ವ ಅಪ್ಪ ಇಬ್ಬರನ್ನೂ ಕರೆದುಕೊಂಡು ನಾನು ಬಾಡಿಗೆ ಮನೆ ಹುಡುಕಬೇಕು. ನಾನು ಬೆಳೆದ ಮನೆ ಅದು. ನನಗೆ ಅದು ಬೇಕಾಗಿತ್ತು. ನನ್ನ ಹೆಸರಿನಲ್ಲಿ ಬೇಕಾಗಿತ್ತು.

ನಾಲ್ಕು ತಿಂಗಳು ಹೊಸ ಚಪ್ಪಲಿ ಕೊಳ್ಳದೆ, ಊಟದ ಡಬ್ಬಿಯಲ್ಲಿ ರೊಟ್ಟಿ, ಪುಂಡಿಪಲ್ಯ ಬಿಟ್ಟು ಬೇರೇನೂ ನೋಡದೆ ಕೂಡಿಸಿದೆ. ಐದನೆಯ ತಿಂಗಳಲ್ಲಿ ಅಪ್ಪ ಬೇಮಳಖೇಡಕ್ಕೆ ಹೋದ. ಅಲ್ಲಿ ಆತನ ಹಳೆಯ ಜೋಡಿದಾರ ಇದ್ದಾನೆ, ಬಜಾರದಲ್ಲಿ ಇಬ್ಬರೂ ಕೂಡಿಯೇ ದಲಾಲಿ ಮಾಡಿದವರು. ವಾಪಸ್ ಬಂದ ಅಪ್ಪ ಭಾನುವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಬಂದು ಕೂತು, ಜೋಡಿದಾರನ ಎಮ್ಮೆ ಸತ್ತಿತು ಎಂದ. ಪಾಪ ಎಂದೆ. ಹಾಲಿನ ಮೇಲೇ ಅವನ ಸಂಸಾರ ಎಂದ. ಹೌದಲ್ಲ ಎಂದೆ. ಹೊಸ ಎಮ್ಮೆಗೆ ಅವನು ಕೈ ಮುಂದೆ ಮಾಡಿದ ಎಂದ.

"ಎಷ್ಟಕ್ಕ ಹೂಂ ಅಂದಿ ಅಪ್ಪಾ?"

ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕೈ ಮೇಲೆ ಹಾಕಿದ. ಕೆಳಗಿನಿಂದ ನನ್ನ ಐದೂ ಬೆರಳು ಒಟ್ಟಿಗೆ ಹಿಡಿದ.

"ಐದು ನೂರ?"

ಇಲ್ಲ ಎಂದು ತಲೆ ಆಡಿಸಿದ.

"ಐದು ಸಾವಿರ?"

ಮತ್ತೆ ತಲೆ ಆಡಿತು. ರೊಟ್ಟಿ ಬಡಿಯುತ್ತಿದ್ದ ಅವ್ವ ತಿರುಗಿಯೂ ನೋಡದೆ ಹೇಳಿದಳು, "ಇನ್ನೊಂದು ಸೊನ್ನಿ ಹಚ್ಚು."

ಐವತ್ತು ಸಾವಿರ! ಜೋಡಿದಾರನ ತಪ್ಪೇನೂ ಇಲ್ಲ. ಅಂಥ ಪಗಾರದ ಮಗಳಿದ್ದವನಿಗೆ ಅದು ಯಾವ ದೊಡ್ಡ ಮಾತು ಎಂದು ಅವನು ಕೇಳಿದ್ದ. ದೊಡ್ಡ ಮಾತು ಎಂದು ಅಪ್ಪ ಹೇಳಬೇಕೆಂದರೆ ಹನ್ನೊಂದು ವರ್ಷ ಹೇಳಿಕೊಂಡು ಬಂದ ಪಗಾರ ಸುಳ್ಳು ಎಂದು ಒಪ್ಪಿಕೊಳ್ಳಬೇಕು. ಅದಕ್ಕಿಂತ ನನ್ನ ರೊಕ್ಕದ ಮೇಲೆ ಬೆರಳು ಕೊಡುವುದು ಸುಲಭವಾಗಿ ಕಂಡಿದೆ.

ತಂದೆತಾಯಿಗೆ ಇಂಥ ವಿಷಯದಲ್ಲಿ ಇಷ್ಟೇ, ಇದರಿಂದಾಚೆ ಬರಬೇಡಿ ಎಂದು ಹೇಗೆ ಹೇಳಬೇಕೆಂಬುದಕ್ಕೆ ಮೊಬೈಲಿನಲ್ಲಿ ಬೇಕಾದಷ್ಟು ಉಪದೇಶ ಸಿಗುತ್ತದೆ. ಬಿಳಿ ಸೋಫಾದ ಮೇಲೆ ಕೂತ ಹೆಣ್ಣುಮಗಳೊಬ್ಬಳು, ಮೊದಲು ದೀರ್ಘವಾಗಿ ಉಸಿರು ಎಳೆಯಿರಿ, ಅವರ ಕೈ ಹಿಡಿಯಿರಿ, ಮೆತ್ತಗೆ ನಿಮ್ಮ ಮನಸ್ಸಿನ ಮಾತು ಹೇಳಿ ಎನ್ನುತ್ತಾಳೆ. ಆಕೆಯ ಅಪ್ಪ ದಲಾಲಿ ಇರಲಿಕ್ಕಿಲ್ಲ. ನಮ್ಮಪ್ಪನ ಕೈ ಹಿಡಿದರೆ ಆತ ಅದರ ಮೇಲೆ ಟವೆಲ್ ಹಾಕುತ್ತಾನೆ. ಆದರೂ ತಿಂಗಳುಗಟ್ಟಲೆ ಬಸ್ಸಿನಲ್ಲಿ ಬಾಯೊಳಗೇ ತಾಲೀಮು ಮಾಡಿದ್ದೆ. ಯಾರ ಜೊತೆ ಮಾತಾಡುತ್ತಿದ್ದೀರಿ ಎಂದು ಪಕ್ಕದವಳು ಕೇಳಿ ಬೇರೆ ಸೀಟಿಗೆ ಹೋಗಿ ಕೂತಿದ್ದೂ ಉಂಟು. ಆ ಭಾನುವಾರ ತಾಲೀಮು ಮಾಡಿದ್ದು ಒಂದಕ್ಷರವೂ ನೆನಪಾಗಲಿಲ್ಲ.

"ಅಪ್ಪಾ, ಇನ್ನ ಮ್ಯಾಲೆ ನನ್ನ ರೊಕ್ಕ ನಾನೇ ನೋಡ್ಕೋತೀನಿ."

"ಈಗ ಮತ್ಯಾರು ನೋಡಾಕತ್ತಾರ?"

"ನೀ ನೋಡಾಕತ್ತಿ."

"ನಾ ಎಲ್ಲಿ ನೋಡಾಕತ್ತೀನಿ? ನಾ ಕೊಡಾಕತ್ತೀನಿ."

"ಅದೇ ಬ್ಯಾಡ ಅನ್ನಾಕತ್ತೀನಿ. ಕಾರ್ಡ್ ನನ್ನ ಕಡಿ ಇರ್ಲಿ. ತಿಂಗಳಾ ಇಂತಿಷ್ಟಂತ ನಿನ್ನ ಕೈಯಾಗ ಕೊಡ್ತೀನಿ, ದಾಸೋಹ ಮಾಡು, ಬೇಕಾದ್ದು ಮಾಡು, ಒಂದು ಮಾತು ಕೇಳಂಗಿಲ್ಲ. ಆದ್ರ ನನ್ನ ಪಗಾರ ಯಾರಿಗೂ ಹೇಳಬ್ಯಾಡ. ನನ್ನ ರೊಕ್ಕದ ಮ್ಯಾಲೆ ಯಾರಿಗೂ ಮಾತು ಕೊಡಬ್ಯಾಡ."

"ಆಯ್ತು. ಈ ಎಮ್ಮಿ ಒಂದು..."

"ಈ ಎಮ್ಮಿನೂ ಇಲ್ಲ. ಮನಿ ಕೈ ಬಿಟ್ಟು ಹೋಗ್ತದ ಅಪ್ಪಾ."

"ಬೆರಳು ಕೊಟ್ಟು ಬಂದೀನಿ ಯವ್ವಾ."

"ಬೆರಳು ನಿಂದು. ರೊಕ್ಕ ನಂದು."

ಸೋಫಾದವಳು ಹೇಳಿಕೊಟ್ಟ ಮೆತ್ತಗಿನ ದನಿ ಇದರಲ್ಲಿ ಎಳ್ಳಷ್ಟೂ ಇರಲಿಲ್ಲ. ರೊಟ್ಟಿ ಬಡಿಯುವ ಸದ್ದು ನಿಂತಿತು. ಅಪ್ಪ ಟವೆಲನ್ನು ನನ್ನ ಕೈ ಮೇಲಿಂದ ತೆಗೆದುಕೊಂಡು, ಬಹಳ ಹೊತ್ತು ಅದರ ಮಡಿಕೆ ಸರಿಮಾಡುತ್ತ ಕೂತ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬೇಮಳಖೇಡಕ್ಕೆ ಹೋದ. ಸಂಜೆ ವಾಪಸ್ ಬಂದ. ಏನಾಯಿತು ಎಂದು ಅವ್ವ ಕೇಳಿದರೆ "ಮುಗೀತು" ಎಂದಷ್ಟೇ ಹೇಳಿ ಒಂದೇ ರೊಟ್ಟಿಗೆ ಎದ್ದ. ಗೆದ್ದ ಖುಷಿಯಲ್ಲಿ ನಾನು ಎರಡು ರೊಟ್ಟಿ ಹೆಚ್ಚಿಗೆ ತಿಂದೆ ಎಂದು ಬರೆಯಲು ಚೆನ್ನಾಗಿರುತ್ತಿತ್ತು. ನನಗೂ ಇಳಿಯಲಿಲ್ಲ.

ಆಮೇಲೆ ಶುರುವಾಯಿತು ನೋಡಿ ಅಪ್ಪನ ಶಿಸ್ತು! ಅರ್ಧಮರ್ಧ ಮಾಡುವ ಸ್ವಭಾವವೇ ಅಲ್ಲವಲ್ಲ. ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟ, ಜೊತೆಗೆ ಅದರ ಗುಪ್ತ ನಂಬರನ್ನು ಕಿವಿಯಲ್ಲಿ ಹೇಳಿದ, ಅದನ್ನು ಇಟ್ಟವಳೇ ನಾನು ಎಂಬುದನ್ನು ಮರೆತು. ಪಗಾರದ ದಿನ ನನ್ನ ಮೊಬೈಲ್ ಟಿಣ್ ಎಂದರೆ ಸಾಕು, ಚಪ್ಪಲಿ ಮೆಟ್ಟಿಕೊಂಡು ಓಣಿಗೆ ಹೋಗಿ ನಿಲ್ಲುತ್ತಿದ್ದ. ಬ್ಯಾಂಕಿನ ಮೆಸೇಜೇ ಆಗಬೇಕೆಂದಿಲ್ಲ. ಮೊಬೈಲ್ ಕಂಪನಿಯವರು ರೀಚಾರ್ಜ್ ಮಾಡಿಸಿ ಎಂದರೂ ಅಪ್ಪ ಓಣಿಯಲ್ಲಿ. ಮೊಸರಿನವಳು ಬಾಕಿ ಕೇಳಿದರೆ, "ಅದು ಆಕೀ ಖಾತಿ, ಸಂಜಿಕಿ ಬರ್ರಿ." ಬೇಸಿಗೆಯ ಮಧ್ಯಾಹ್ನ ಫ್ಯಾನಿನ ಗುಂಡಿಯ ಮೇಲೆ ಬೆರಳಿಟ್ಟು, "ಹಾಕಲೇನು? ಬಿಲ್ಲು ನಿಂದು" ಎಂದು ಕೇಳುತ್ತಿದ್ದ. ತಿಂಗಳ ಮೊದಲ ದಿನ ರೊಕ್ಕ ಕೊಟ್ಟರೆ ಇನ್ನೊಂದು ತಕರಾರು.

"ಇದು ಪಗಾರನೋ, ಪಿಂಚಣಿನೋ?"

"ಯಾವುದರ ಇರ್ಲಿ, ಸುಮ್ನ ಇಟ್ಕೋರಿ," ಎಂದಳು ಅವ್ವ. "ಬೋನಸ್ ಒಂದು ಕೇಳಬ್ಯಾಡ್ರಿ."

ಇಷ್ಟಾದರೂ ಆತ ಒಂದು ಮಾತು ಮಾತ್ರ ಚಾಚೂ ತಪ್ಪದೆ ನಡೆಸಿದ. ನನ್ನ ಪಗಾರ ಆತನ ಬಾಯಿಂದ ಬರುವುದು ನಿಂತೇ ಹೋಯಿತು. ಚಹಾದಂಗಡಿಯಲ್ಲಿ ಯಾರಾದರೂ ವಿಷಯ ತೆಗೆದರೆ ಮಳೆಯ ಬಗ್ಗೆ ಮಾತಾಡುತ್ತಿದ್ದನಂತೆ. ಅದರಿಂದ ಏನಾಯಿತು ಗೊತ್ತೇ? ನನ್ನ ಕೆಲಸ ಹೋಗಿದೆ ಎಂದು ಊರು ತೀರ್ಮಾನಿಸಿತು! ಹನ್ನೊಂದು ವರ್ಷ ಬಾಯಿ ಮುಚ್ಚದ ಮನುಷ್ಯ ಸುಮ್ಮನಾದನೆಂದರೆ ಹೇಳಿಕೊಳ್ಳುವಂಥದ್ದು ಏನೂ ಉಳಿದಿಲ್ಲವೆಂದೇ ಅಲ್ಲವೇ?

ಪಕ್ಕದ ಮನೆಯ ಕಾಕು ಒಂದು ಬಟ್ಟಲು ಗೋಧಿ ಹುಗ್ಗಿ ತಂದುಕೊಟ್ಟು, ಧೈರ್ಯವಾಗಿರು ತಂಗಿ ಎಂದಳು. ನನ್ನ ಕೆಲಸ ಇದೆ ಕಾಕು ಎಂದೆ. "ಹೌದವ್ವಾ, ಮಂದಿ ಮುಂದ ಹಂಗೇ ಹೇಳ್ಬೇಕು" ಎಂದು ಬೆನ್ನು ಸವರಿದಳು. ಅತ್ತು ಕರೆದು ನಂಬಿಸುವಷ್ಟು ಪುರುಸೊತ್ತು ನನಗಿರಲಿಲ್ಲ, ಬಸ್ಸಿನ ಹೊತ್ತಾಗಿತ್ತು, ಹುಗ್ಗಿಯೂ ಚೆನ್ನಾಗಿತ್ತು. ನಾನು ದಿನಾ ಡಬ್ಬಿ ಕಟ್ಟಿಕೊಂಡು ಹೋಗುವುದನ್ನು ಕಂಡವರು, ಪಾಪ, ನಾಚಿಕೆಗೆ ಹುಮನಾಬಾದಿನಲ್ಲಿ ಎಲ್ಲೋ ಕೂತು ಸಂಜೆ ಬರುತ್ತಾಳೆ ಎಂದು ಮಾತಾಡಿಕೊಂಡರು. ನಮ್ಮ ಕಂಡಕ್ಟರ್ ಈಗ ಯಾವ ತಕರಾರೂ ಇಲ್ಲದೆ ಟಿಕೆಟ್ ಕೊಟ್ಟ. "ಇರ್ಲಿ ತಗೋರಿ ಅಕ್ಕಾರ. ಇನ್ನೊಂದು ಕಂಪನಿ ಸಿಗ್ತದ."

ಇದೆಲ್ಲ ನಗುವ ಮಾತಾಗಿತ್ತು, ಸುದ್ದಿ ಸಾವಕಾರರ ಅಂಗಡಿಗೆ ಹೋಗುವವರೆಗೆ. ಬಯಾನಾ ಕೊಡಲು ಹತ್ತು ದಿನ ಉಳಿದಿತ್ತು. ಅವರು ಅಪ್ಪನಿಗೆ ಹೇಳಿ ಕಳಿಸಿದರು. ಮಗಳ ಕೆಲಸ ಹೋಗಿದೆಯಂತೆ, ಭಾಲ್ಕಿಯವರೊಬ್ಬರು ಪೂರ್ತಿ ರೊಕ್ಕ ಹಿಡಿದುಕೊಂಡು ಕೂತಿದ್ದಾರೆ, ಭಾನುವಾರ ಬಂದು ಮಾತು ಮುಗಿಸಿ ಎಂದು. ನಾನು ಪಗಾರದ ಚೀಟಿಯನ್ನು ಕಾಗದದ ಮೇಲೆ ತೆಗೆಸಿಕೊಂಡು ಅಪ್ಪನ ಜೊತೆ ಹೋದೆ.

ಅಂಗಡಿಯಲ್ಲಿ ನಾಲ್ಕೈದು ಹೆಂಗಸರು ಸೀರೆ ನೋಡುತ್ತಿದ್ದರು. ನಾನು ಚೀಟಿ ಮುಂದಿಟ್ಟೆ. ಸಾವಕಾರರು ಅದನ್ನು ನೋಡದೆ ಬದಿಗೆ ಸರಿಸಿದರು.

"ಇಂಗ್ಲಿಷ್ ಕಾಗದ ಬ್ಯಾಂಕಿನವ್ರಿಗಿ ತೋರ್ಸು ತಂಗಿ. ನಾ ಮನುಷ್ಯಾರ ಬಾಯಿ ನೋಡಿ ವ್ಯವಹಾರ ಮಾಡಾವ." ಅಪ್ಪನ ಕಡೆ ತಿರುಗಿದರು. "ನೀ ಹೇಳೋ. ಈಕೀ ಪಗಾರ ಬರಾಕತ್ತದೋ ಇಲ್ಲೋ? ಎಷ್ಟು ಬರ್ತದ?"

ಈಗ ಅಣೆಕಟ್ಟು ಒಡೆಯುತ್ತದೆ ಎಂದುಕೊಂಡೆ. ಒಡೆಯಲಿ ಎಂದೇ ಬಯಸಿದೆ. ಮನೆ ಉಳಿಯುವುದಾದರೆ ಊರಿನ ಪಗಾರವನ್ನೇ ಹೇಳಲಿ, ಬೇಕಾದರೆ ಇನ್ನೆರಡು ಸೊನ್ನೆ ಹಚ್ಚಲಿ.

"ಅದು ಆಕೀ ಮಾತು ಸಾವಕಾರ್ರ," ಎಂದ ಅಪ್ಪ. "ಆಕೀ ಹೇಳು ಅಂದ್ರ ಹೇಳ್ತೀನಿ." ಹಾಗೆಂದು ನನ್ನ ಮುಖ ನೋಡಿದ. ನನ್ನ ಜನ್ಮದಲ್ಲಿ ಆತ ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು.

"ಹೇಳಪ್ಪಾ," ಎಂದೆ.

ಅಪ್ಪ ಹೇಳಿದ. ಸರಿಯಾಗಿ ಹೇಳಿದ. ಕಡಿಯುವುದೆಲ್ಲ ಕಡಿದು ನನ್ನ ಕೈಗೆ ಎಷ್ಟು ಬರುತ್ತದೋ ಅಷ್ಟು, ಒಂದು ರೂಪಾಯಿ ಮೇಲಿಲ್ಲ. ಸೀರೆ ನೋಡುತ್ತಿದ್ದ ಹೆಂಗಸರು ಸೀರೆ ಬಿಟ್ಟು ಆತನನ್ನು ನೋಡಿದರು.

"ಇಷ್ಟೇನ?" ಸಾವಕಾರರು ನಕ್ಕರು. "ಊರಾಗ ನೀ ಹೇಳ್ತಿದ್ದದ್ದು ಬ್ಯಾರೇ ಇತ್ತಲ್ಲೋ."

"ಅದು ಸುಳ್ಳಿತ್ರಿ. ಮೊನ್ನಿ ಬೇಮಳಖೇಡದಾಗ ಜೋಡಿದಾರನ ಮುಂದ ಕೈ ಹಿಂದಕ್ಕ ತಗದು ಖರೇ ಹೇಳಿ ಬಂದೀನಿ. ಈಗ ನಿಮ್ಮ ಮುಂದ ಹೇಳಾಕತ್ತೀನಿ. ಆಕೀ ಪಗಾರ ಇಷ್ಟೇ ಅದ. ಆದ್ರ ಒಂದು ತಿಂಗಳೂ ತಪ್ಪಿಲ್ಲ. ಮನಿ ಆಕೀಗಿ ಕೊಡ್ರಿ."

ನಮಗೆ ಕೊಡಿ ಎನ್ನಲಿಲ್ಲ. ಆಕೆಗೆ ಕೊಡಿ ಎಂದ. ಸಾವಕಾರರು ಚೀಟಿಯನ್ನು ನನ್ನ ಕಡೆ ಸರಿಸಿ, ಬುಧವಾರ ಬಯಾನಾ ತಂದುಕೊಡಲು ಹೇಳಿದರು.

ಹೊರಗೆ ಬಂದು ನಾಲ್ಕು ಹೆಜ್ಜೆ ನಡೆದು, ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಇಬ್ಬರೂ ಕೂತೆವು. ನನ್ನ ನಾಲಗೆಯ ತುದಿಯಲ್ಲಿ ಹತ್ತು ಕುಹಕ ಸಿದ್ಧವಾಗಿದ್ದವು. ಕೇಳಿದ್ದು ಮಾತ್ರ ಒಂದೇ.

"ಅಪ್ಪಾ, ಇಷ್ಟು ವರ್ಷ ಯಾಕ ಹೆಚ್ಚಿಗಿ ಹೇಳ್ಕೋತ ತಿರುಗಿದಿ?"

ಅಪ್ಪ ರಸ್ತೆ ನೋಡುತ್ತ ಹೇಳಿದ. "ನಲವತ್ತು ವರ್ಷ ಮಂದಿ ದನದ ದರ ಮಾಡೀನಿ ಯವ್ವಾ. ನಂದು ಅಂತ ನಾಲ್ಕು ಮಂದ್ಯಾಗ ನಿಂತು ಹೇಳಾಕ ಏನೂ ಇರ್ಲಿಲ್ಲ."

ಕೈಯಲ್ಲಿದ್ದ ಪಗಾರದ ಚೀಟಿಯನ್ನು ಆತನಿಗೆ ಕೊಟ್ಟೆ. ಹನ್ನೊಂದು ವರ್ಷದಲ್ಲಿ ಆತ ಅದನ್ನು ನೋಡಿಯೇ ಇರಲಿಲ್ಲ, ಅದು ನನ್ನ ಮೊಬೈಲಿಗೆ ಬರುತ್ತಿತ್ತು. ಅಪ್ಪನಿಗೆ ಅಂಕಿ ಓದಲು ಬರುತ್ತದೆ, ಇಂಗ್ಲಿಷ್ ಅಕ್ಷರ ಬರುವುದಿಲ್ಲ. ಆದರೆ ಅಂಕಿಯ ಕಡೆ ನೋಡಲೇ ಇಲ್ಲ.

"ಇದರಾಗ ನಿನ್ನ ಹೆಸರು ಎಲ್ಲದ?"

ತೋರಿಸಿದೆ. ಅದರ ಮೇಲೆ ಬೆರಳಿಟ್ಟ. ಮೆಲ್ಲಗೆ ಬೆರಳು ಮುಂದಕ್ಕೆ ಸರಿಸಿದ.

"ಅದರ ಮುಂದ ಇದೇನು ಬರದಾರ?"

"ಅದು ನಿನ್ನ ಹೆಸರಪ್ಪಾ. ತಿಂಗಳಾ ಇರ್ತದ."

ಅಪ್ಪ ಚೀಟಿಯನ್ನು ಮಡಚದೆ ಹಾಗೇ ತೊಡೆಯ ಮೇಲೆ ಹಾಸಿಕೊಂಡು, ಬೆರಳು ತೆಗೆಯದೆ ಕೂತ.